ಆಧಾರಿನಲ್ಲಿ ಮಲಯಾಳ ಉಂಟಲ್ಲ ಅಂದವನಿಗೆ

"ಕಾರ್ಡಿನಲ್ಲಿ ಮಲಯಾಳ ಉಂಟು, ಮತ್ತೆ ನೀನು ಕನ್ನಡಿಗ ಹೇಗೆ?" ಅಂತ ಕೇಳಿದೆಯಲ್ಲ ಮಾರಾಯ. ಆಧಾರಿನ ಎರಡನೇ ಭಾಷೆ ನೋಂದಣಿಯ ಹೊತ್ತಿಗೆ ಆರಿಸಿದ್ದು, ಅದು ಮಾತೃಭಾಷೆಯ ಪುರಾವೆ ಅಲ್ಲ. ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಗಡಿ ವಿವಾದ ಬಗೆಹರಿಸಲು ಕೇಂದ್ರ ನೇಮಿಸಿದ ಮಹಾಜನ್ ಆಯೋಗವೇ ಹೇಳಿತ್ತು. ಅದು ಜಾರಿಯಾಗಲಿಲ್ಲ. ಇಲ್ಲಿ ಕನ್ನಡ ಮಾತಾಡುವವರು ಎಲ್ಲಿಂದಲೋ ವಲಸೆ ಬಂದವರಲ್ಲ.

ನಮ್ಮನ್ನು ನಿಜವಾಗಿ ಸತಾಯಿಸುವುದು ಹೆಸರು. ಕನ್ನಡ ಶಾಲೆಯ ದಾಖಲೆಯಲ್ಲಿ 'ಕೃಷ್ಣ'. ರೇಷನ್ ಕಾರ್ಡಿಗೆ ಮಲಯಾಳದಲ್ಲಿ ಟೈಪ್ ಮಾಡುವಾಗ 'ಕೃಷ್ಣನ್' ಆಗುತ್ತದೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಾಗಲೂ ಆ 'ನ್' ಉಳಿಯುತ್ತದೆ. ಊರು ಮಂಜೇಶ್ವರವೂ ಹೀಗೆಯೇ ಮಂಜೇಶ್ವರಂ. ಇನಿಷಿಯಲ್ಲಿನದ್ದು ಬೇರೆಯೇ ರಗಳೆ: 'ಕೆ.' ಅಂದರೆ ಒಂದು ಕಡೆ ಮನೆ ಹೆಸರು, ಇನ್ನೊಂದು ಕಡೆ ಅಪ್ಪನ ಹೆಸರು, ಪ್ಯಾನಿಗೆ ಅದನ್ನು ಬಿಡಿಸಿಯೇ ಬರೆಯಬೇಕು. ಮನುಷ್ಯ ಓದಿದರೆ ಒಬ್ಬನೇ ಅಂತ ಗೊತ್ತಾಗುತ್ತದೆ. ಕಂಪ್ಯೂಟರ್ ಅಕ್ಷರ ಮಾತ್ರ ನೋಡುತ್ತದೆ, ಪ್ಯಾನ್–ಆಧಾರ್ ಜೋಡಣೆ ಅಲ್ಲೇ ನಿಲ್ಲುತ್ತದೆ.

ಹೀಗೆ ಎರಡು ಹೆಸರಾದಾಗ ಕಚೇರಿಗಳಲ್ಲಿ ಕೇಳುವುದು 'ವನ್ ಆಂಡ್ ದಿ ಸೇಮ್' ಸರ್ಟಿಫಿಕೇಟ್. ಕೇರಳ ಸರಕಾರದ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ವಿಲೇಜ್ ಆಫೀಸಿನಿಂದ ಸಿಗುತ್ತದೆ. ಎರಡೂ ಹೆಸರುಗಳನ್ನು ಆಯಾ ದಾಖಲೆಯಲ್ಲಿ ಇದ್ದ ಹಾಗೆಯೇ, ಚುಕ್ಕಿ–ಅಂತರ ಸಮೇತ ಕೊಡಬೇಕು. ಸಲ್ಲಿಸುವ ಮೊದಲು ಪರದೆಯಲ್ಲಿ ಓದಿ ನೋಡದಿದ್ದರೆ ಮೂರನೇ ಹೆಸರೊಂದು ಹುಟ್ಟುತ್ತದೆ. ಈ ಕಾಗದ ಇಬ್ಬರೂ ಒಬ್ಬನೇ ಅನ್ನುತ್ತದೆ, ಮೂಲ ದಾಖಲೆಯನ್ನು ತಿದ್ದುವುದಿಲ್ಲ. ತಿದ್ದುವುದಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪುಸ್ತಕದಿಂದಲೇ ಶುರು ಮಾಡಬೇಕು, ಆಧಾರ್ ಆಮೇಲೆ. ಆಧಾರಿನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಅವಸರ ಮಾಡಿದವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ಕನ್ನಡದಲ್ಲಿ ಅರ್ಜಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿಯೇ ಉಂಟು. ಅದು ಯಾರ ದಯೆಯೂ ಅಲ್ಲ, ಕೇಳಿ ಪಡೆಯಬೇಕು.

ಇನ್ನು ನಿಮ್ಮ ಕರ್ನಾಟಕದವರ ಮಾತು. 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೊರಟವರ ಭಾಷೆ ಯಾವುದೆಂದು ಯಾರು ಕೇಳಿದರು? ಕಾರ್ಡಿನ ವಿಳಾಸ ನೋಡಿದರು. ಅಲ್ಲೇ ಪಕ್ಕದ ಕಾಲೇಜಿಗೆ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಸೇರಬೇಕಾದರೆ, ಇಲ್ಲಿ ಕನ್ನಡದಲ್ಲೇ ಓದಿ ಬೆಳೆದ ಮಕ್ಕಳು ವಾಸದ ಪತ್ರ ತರಬೇಕು, ಮೇಲಿಂದ ಕನ್ನಡ ಪರೀಕ್ಷೆಯನ್ನೂ ಬರೆಯಬೇಕು.