ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಯಾಕೆ?

ಓದುಗರ ಪತ್ರ: ನಮ್ಮದು ಚಿಂತಾಮಣಿ ತಾಲೂಕು. ಮೂವತ್ತು ವರ್ಷದ ಹಳೇ ಟ್ರಾಕ್ಟರ್, 35 ಎಚ್‌ಪಿ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಕಲ್ಟಿವೇಟರ್ ಇಳಿಸಿ ಇಪ್ಪತ್ತು ನಿಮಿಷ ಉಳುಮೆ ಮಾಡುವಷ್ಟರಲ್ಲಿ ಎಳೆಯುವ ಶಕ್ತಿ ಹೋಗುತ್ತದೆ, ಆಮೇಲೆ ತಾನೇ ಆಫ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೇನೋ ಎಂಬಂತೆ ಮತ್ತೆ ಸ್ಟಾರ್ಟ್. ಫಿಲ್ಟರ್ ಎರಡು ಸಲ ಬದಲಾಯಿಸಿದೆವು. ಈಗ ಮೆಕ್ಯಾನಿಕ್ ಪಂಪ್ ಬಿಚ್ಚಿಸಬೇಕು ಅಂತಾರೆ. ರಾಗಿ ಬಿತ್ತನೆ ಹತ್ತಿರ ಬಂತು. ಏನು ಮಾಡಲಿ?

ಸಂಪಾದಕರ ಉತ್ತರ:

ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಆ ಪಂಪ್ ಈಗಲೇ ಬಿಚ್ಚಿಸಬೇಡಿ. ಮೊದಲು ಡೀಸೆಲ್ ಟ್ಯಾಂಕಿನ ಮುಚ್ಚಳ ನೋಡಿ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತದೆ, ಲೋಡ್ ಬಿದ್ದಾಗ ಮಾತ್ರ ಸೋಲುತ್ತದೆ. ನಿಂತ ಮೇಲೆ ಏರ್ ತೆಗೆಯದೆಯೇ ಮತ್ತೆ ಸ್ಟಾರ್ಟ್ ಆಗುತ್ತದೆ. ಲೈನಿನಲ್ಲಿ ಗಾಳಿ ತುಂಬಿದ್ದರೆ ಹಾಗಾಗುವುದು ಕಷ್ಟ. ಹ್ಯಾಂಡ್ ಪಂಪ್ ಒತ್ತಿ ಗುಳ್ಳೆ ಹೊರಗೆ ಹಾಕುವ ತನಕ ಗಾಡಿ ಅಲುಗುವುದಿಲ್ಲ. ನಿಮ್ಮದರಲ್ಲಿ ಡೀಸೆಲ್ ಬರುವ ದಾರಿ ಎಲ್ಲೋ ಕಟ್ಟುತ್ತಿದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬಿಡುತ್ತಿದೆ.

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿ ನೋಡಿ. ಮೊದಲು ಧಾರೆ ಬರುತ್ತದೆ, ಆಮೇಲೆ ಗುಳುಗುಳು ಅಂತ ತಡೆದು ತಡೆದು ಬರುತ್ತದೆ. ಅದಕ್ಕೇ ಅಂಗಡಿಯವರು ಆ ಕಡೆ ಇನ್ನೊಂದು ತೂತು ಹೊಡೆಯುತ್ತಾರೆ. ಟ್ಯಾಂಕಿಗೆ ಆ ಎರಡನೇ ತೂತು ಮುಚ್ಚಳದಲ್ಲಿ ಇರುತ್ತದೆ. ಸೂಜಿಯಷ್ಟೇ ಸಣ್ಣದು. ನಮ್ಮ ಕಡೆಯ ಕೆಮ್ಮಣ್ಣಿನ ಧೂಳು ಡೀಸೆಲ್ ಪಸೆಗೆ ಅಂಟಿಕೊಂಡರೆ ಗಾರೆ ಮೆತ್ತಿದ ಹಾಗೆ ಮುಚ್ಚಿಹೋಗುತ್ತದೆ. ಡೀಸೆಲ್ ಕಡಿಮೆಯಾದಷ್ಟೂ ಒಳಗೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕ್ ಡೀಸೆಲ್ ಬಿಟ್ಟುಕೊಡುವುದಿಲ್ಲ.

ಇದು ನನಗೆ ಪುಸ್ತಕದಿಂದ ಗೊತ್ತಾದ ವಿಷಯ ಅಲ್ಲ. ಮಾಲೂರು ಕಡೆ ನಮ್ಮ ಮನೆಯ ಟ್ರಾಕ್ಟರ್ ಒಂದು ಮಳೆಗಾಲ ಪೂರ್ತಿ ಹೀಗೇ ಕಾಡಿತು. ಪಂಪ್ ಬಿಚ್ಚಿಸಿದೆವು, ನಾಜಲ್ ಬದಲಾಯಿಸಿದೆವು. ಹದ ಆಗಿದ್ದ ಹೊಲ ಕಣ್ಣೆದುರೇ ಒಣಗಿತು. ಅಪ್ಪ ಬದುವಿನ ಮೇಲೆ ಕೂತು ಮಾತೇ ಆಡಲಿಲ್ಲ. ಕೊನೆಗೆ ಗೊತ್ತಾಗಿದ್ದು ಇಷ್ಟೇ: ಮಳೆನೀರು ಇಳಿಯದಿರಲಿ ಅಂತ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ರಬ್ಬರ್ ಟ್ಯೂಬಿನಿಂದ ಬಿಗಿದು ಕಟ್ಟಿದ್ದೆವು. ಕಟ್ಟಿದ್ದು ನಾನೇ. ಆ ದಿನಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಾಳೆ ಹೀಗೆ ಮಾಡಿ. ಹೊಲದಲ್ಲಿ ಗಾಡಿ ನಿಂತ ತಕ್ಷಣ ಮುಚ್ಚಳ ತಿರುಗಿಸಿ. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಕೇಳಿದರೆ ಕಳ್ಳ ಸಿಕ್ಕಿದ. ಕಾಯದೆ ಆಗಲೇ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆಯಿತು ಅಂದರೆ ತಪ್ಪು ಮುಚ್ಚಳದ್ದೇ, ಪಂಪಿನದಲ್ಲ. ಸವೆದ ಪಂಪ್ ಆಗಿದ್ದರೆ ತಣ್ಣಗಾಗುವ ತನಕ ಸ್ಟಾರ್ಟ್ ಆಗುವುದಿಲ್ಲ. ಬಿಸಿಯಲ್ಲಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿನಲ್ಲಿ ನುಸುಳುವುದರಿಂದ ಹಾಗಾಗುತ್ತದೆ. ಹಳೇ ಮುಚ್ಚಳ ಕಳೆದು ಬೇರೆ ಗಾಡಿಯದು ಹಾಕಿದ್ದೀರಾ ಅಂತಲೂ ನೋಡಿ. ಅದರಲ್ಲಿ ತೂತೇ ಇಲ್ಲದಿರಬಹುದು.

ಮುಚ್ಚಳ ಸರಿ ಇದ್ದರೆ ಟ್ಯಾಂಕಿನ ತಳಕ್ಕೆ ಬನ್ನಿ. ಮೂವತ್ತು ವರ್ಷದ ಟ್ಯಾಂಕಿನಲ್ಲಿ ತುಕ್ಕಿನ ಹಕ್ಕಳೆ, ಕ್ಯಾನಿನಿಂದ ಸುರಿದಾಗ ಬಿದ್ದ ಎಲೆ, ಬಟ್ಟೆ ಚೂರು, ಏನೇನೋ ಇರುತ್ತದೆ. ಎಂಜಿನ್ ಎಳೆಯುವಾಗ ಅವೆಲ್ಲ ಬಂದು ಪೈಪಿನ ಬಾಯಿಗೆ ಅಡ್ಡ ಕೂರುತ್ತವೆ. ಎಂಜಿನ್ ನಿಂತರೆ ಬಿಟ್ಟು ಕೆಳಗೆ ಇಳಿಯುತ್ತವೆ. ಅರ್ಧ ಗಂಟೆಯ ಲೆಕ್ಕ ಇದಕ್ಕೂ ಸರಿಹೋಗುತ್ತದೆ, ಅಲ್ವಾ? ಫಿಲ್ಟರ್ ಎರಡು ಸಲ ಬದಲಾಯಿಸಿದರೂ ಗುಣ ಕಾಣದಿದ್ದರೆ ಕಸ ಫಿಲ್ಟರಿಗಿಂತ ಹಿಂದೆಯೇ ಇರಬಹುದು.

ಇದನ್ನು ಅಳೆದು ನೋಡಬಹುದು. 35 ಎಚ್‌ಪಿ ಎಂಜಿನ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 6-7 ಲೀಟರ್ ಕುಡಿಯುತ್ತದೆ. ಅಂದರೆ ನಿಮಿಷಕ್ಕೆ 100 ಮಿಲಿಲೀಟರಿನ ಆಸುಪಾಸು. ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ಕಳಿಸುವ ಸಣ್ಣ ಪಂಪ್, ಅಂದರೆ ಫೀಡ್ ಪಂಪ್, ಅದಕ್ಕಿಂತ ಜಾಸ್ತಿಯೇ ತಳ್ಳಬೇಕು, ಉಳಿದದ್ದು ರಿಟರ್ನ್ ಪೈಪಿನಲ್ಲಿ ವಾಪಸ್ ಹೋಗುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿಗೆ ಬರುವ ಪೈಪ್ ಬಿಚ್ಚಿ, ಲೀಟರ್ ಬಾಟಲಿಗೆ ಬಿಟ್ಟು ಐದು ನಿಮಿಷ ನೋಡಿ. ಟ್ಯಾಂಕ್ ಎತ್ತರದಲ್ಲಿದ್ದರೆ ಒಂದೇ ಸಮನೆ ಧಾರೆ ಬರಬೇಕು, ಬಾಟಲಿ ಬೇಗ ತುಂಬಬೇಕು. ಮೊದಲು ಜೋರಾಗಿ ಬಂದು ಆಮೇಲೆ ದಾರದಷ್ಟಾದರೆ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ಈ ಪರೀಕ್ಷೆಯನ್ನು ಮುಚ್ಚಳ ಹಾಕಿ ಒಮ್ಮೆ, ತೆಗೆದು ಒಮ್ಮೆ ಮಾಡಿ. ತೆಗೆದಾಗ ಧಾರೆ ಸರಿಹೋದರೆ ತಪ್ಪು ಮುಚ್ಚಳದ್ದು, ಟ್ಯಾಂಕಿನದಲ್ಲ. ಬೀಡಿ, ಸಿಗರೇಟು ದೂರ ಇರಲಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಡೀಸೆಲನ್ನು ಬಾಯಲ್ಲಿ ಎಳೆಯಬೇಡಿ. ಹಳ್ಳಿಗಳಲ್ಲಿ ಎಲ್ಲರೂ ಮಾಡುವುದು ಇದನ್ನೇ. ನಾಲ್ಕು ತೊಟ್ಟು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಥರದ ಕಾಯಿಲೆ ಬರಬಹುದು, ಪ್ರಾಣಕ್ಕೇ ಅಪಾಯ. ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ತಪ್ಪು, ಸೀದಾ ಆಸ್ಪತ್ರೆಗೆ ಹೋಗಿ. ಹಾಗೇ ಎಂಜಿನ್ ತಿರುಗುವಾಗ ನಾಜಲ್ ಪೈಪಿನ ಸೋರಿಕೆಗೆ ಬೆರಳು ಅಡ್ಡ ಹಿಡಿಯಬೇಡಿ. ಅಲ್ಲಿನ ಒತ್ತಡ ಚರ್ಮವನ್ನೇ ತೂತು ಮಾಡುತ್ತದೆ.

ಮುಂದಿನ ಜಾಗ ಫೀಡ್ ಪಂಪ್. ಅದರ ಬಾಯಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಕೆಲವು ಗಾಡಿಗಳಲ್ಲಿ ಗಾಜಿನ ಬಟ್ಟಲಿನೊಳಗೆ, ಕೆಲವದರಲ್ಲಿ ಬೋಲ್ಟಿನ ಒಳಗೇ. ಫಿಲ್ಟರ್ ಬದಲಾಯಿಸುವ ಎಷ್ಟೋ ಜನ ಇದನ್ನು ಮುಟ್ಟುವುದೇ ಇಲ್ಲ. ಬಿಚ್ಚಿ, ಡೀಸೆಲ್‌ನಲ್ಲೇ ತೊಳೆದು ಹಾಕಿ. ಹ್ಯಾಂಡ್ ಪಂಪಿನ ಗುಂಡಿಯನ್ನು ಕೊನೆಯಲ್ಲಿ ಬಿಗಿಯಾಗಿ ತಿರುಗಿಸಿ ಕೂರಿಸಿ. ಸಡಿಲ ಬಿಟ್ಟರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ. ಎಂಜಿನ್ ಓಡುವಾಗ ಹೀರುವ ಕಡೆಯ ಪೈಪ್ ಬಿರುಕು ಬಿಟ್ಟಿದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಹೋಗಬಹುದು. ಆದ್ದರಿಂದ ಹೊರಗೆ ಒಣಗಿದೆ ಅಂತ ಸುಮ್ನೆ ಬಿಡಬೇಡಿ. ಅನುಮಾನ ಇದ್ದರೆ ನಡುವೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ನೋಡಿ, ಗುಳ್ಳೆ ಓಡುವುದು ಕಾಣುತ್ತದೆ. ಹಳೇ ತಾಮ್ರದ ವಾಷರ್ ಮತ್ತೆ ಹಾಕಬೇಡಿ.

ಫಿಲ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪೇಪರ್ ಫಿಲ್ಟರನ್ನು ಪೆಟ್ರೋಲ್‌ನಲ್ಲಿ ತೊಳೆದು ಹಾಕುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ನೀರು ಸೇರಿದೆಯಾ ಅಂತ ತಿಳಿಯಲು ತಳದ ಡೀಸೆಲನ್ನು ಗಾಜಿನ ಸೀಸೆಯಲ್ಲಿ ರಾತ್ರಿ ಇಡೀ ಬಿಡಿ, ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಕೆಲಸ ಮುಗಿದ ಸಂಜೆಯೇ ಟ್ಯಾಂಕ್ ತುಂಬಿಸಿದರೆ ರಾತ್ರಿಯ ತಂಪಿಗೆ ಒಳಗೆ ನೀರು ಹನಿಗಟ್ಟುವುದು ಕಡಿಮೆ.

ಹೊಗೆಯನ್ನೂ ಗಮನಿಸಿ. ಸೋಲುವಾಗ ಕಪ್ಪು ಹೊಗೆ ದಟ್ಟವಾಗಿ ಬಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ ಎಂದರ್ಥ. ಆಗ ಏರ್ ಕ್ಲೀನರ್ ನೋಡಬೇಕು, ನಾನು ಇಲ್ಲಿಯವರೆಗೆ ಬರೆದದ್ದು ನಿಮಗೆ ಬೇಡ. ಹೊಗೆ ತೆಳ್ಳಗಾಗುತ್ತಾ ಎಂಜಿನ್ ಸೊರಗಿದರೆ ಡೀಸೆಲ್ಲೇ ಸಾಲುತ್ತಿಲ್ಲ.

ಪೈಪ್, ಫಿಲ್ಟರ್ ಬಿಚ್ಚಿದ ಮೇಲೆ ಏರ್ ತೆಗೆಯುವಾಗ ಟ್ಯಾಂಕಿನ ಕಡೆಯಿಂದ ಹೊರಡಿ. ಮೊದಲನೇ ಫಿಲ್ಟರ್, ಎರಡನೇ ಫಿಲ್ಟರ್, ಆಮೇಲೆ ಪಂಪಿನ ಸ್ಕ್ರೂ. ಒಂದೊಂದರಲ್ಲೂ ಗುಳ್ಳೆ ನಿಂತ ಮೇಲೆಯೇ ಬಿಗಿಯಿರಿ.

ನಿಮ್ಮ ಮೆಕ್ಯಾನಿಕ್ ಬಗ್ಗೆ ಕೆಟ್ಟ ಮಾತು ಹೇಳುತ್ತಿಲ್ಲ. ಪಂಪ್ ಸವೆಯುವುದು ನಿಜ. ಬೆಂಗಳೂರಿನಲ್ಲಿ 1951ರಲ್ಲಿ ಶುರುವಾದ ಮೈಕೋ ಕಂಪನಿಯ ಹೆಸರಿನಿಂದಲೇ ನಮ್ಮಲ್ಲಿ ಎಷ್ಟೋ ಜನ ಇದನ್ನು ಮೈಕೋ ಪಂಪ್ ಅನ್ನುತ್ತಾರೆ. ಅದರೊಳಗೆ ಡೀಸೆಲ್ ಒತ್ತುವ ಕಡ್ಡಿ (ಪ್ಲಂಜರ್) ಮತ್ತು ಅದು ಆಡುವ ಕೊಳವೆ (ಬ್ಯಾರಲ್) ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಹೊಲದ ಬದುವಿನಲ್ಲಿ, ಧೂಳಿನಲ್ಲಿ ಅದನ್ನು ಬಿಚ್ಚುವುದೇ ಅದಕ್ಕೆ ದೊಡ್ಡ ಏಟು. ಮೇಲೆ ಹೇಳಿದ್ದೆಲ್ಲ ನೋಡಿಯೂ ತೊಂದರೆ ಹೋಗದಿದ್ದರೆ ಮಾತ್ರ, ಟೆಸ್ಟ್ ಬೆಂಚ್ ಇರುವ ಅಂಗಡಿಗೆ ಒಯ್ಯಿರಿ. ಬಿಚ್ಚುವ ಮುಂಚೆ ಬೆಂಚಿನ ಮೇಲೆ ಓಡಿಸಿ, ಒಂದೊಂದು ಸಿಲಿಂಡರಿಗೆ ಎಷ್ಟು ಡೀಸೆಲ್ ಬೀಳುತ್ತದೆ ಎಂದು ನಿಮ್ಮ ಎದುರೇ ತೋರಿಸಲು ಕೇಳಿ. ಒಳ್ಳೆಯ ಕೆಲಸಗಾರ ಖುಷಿಯಿಂದ ತೋರಿಸುತ್ತಾನೆ.

ಮುಚ್ಚಳ ತೆಗೆದಾಗ ಸದ್ದು ಬಂತೋ ಇಲ್ಲವೋ, ಒಂದು ಕಾರ್ಡ್ ಬರೆಯಿರಿ. ಬರಲಿಲ್ಲ ಅಂದರೆ ಬಾಟಲಿ ಎಷ್ಟು ಹೊತ್ತಿಗೆ ತುಂಬಿತು ಅಂತ ಬರೆಯಿರಿ. ಅಲ್ಲಿಂದ ಮುಂದಕ್ಕೆ ನೋಡೋಣ.