ಅಲಸಂದೆ, ಏಲಕ್ಕಿಯ ಹೇನಿಗೆ ಸಿಲಿಕಾನ್ ಹೊಡೆದರೆ ಸಾಕಾ?

ಅಲಸಂದೆ ಕುಡಿಗೆ ರಸ ಹೀರುವ ಕಪ್ಪು ಸಸ್ಯಹೇನು ಮುತ್ತಿದೆ, ಏಲಕ್ಕಿಯಲ್ಲೂ ಅಲ್ಲಲ್ಲಿ ಕಾಣುತ್ತಿದೆ, ಸಿಲಿಕಾನ್ ಹೊಡೆದರೆ ಸಾಯುತ್ತಾ ಅಂತ ಕೇಳಿದ್ದೀರಿ. ಸಾಯುವುದಿಲ್ಲ. ನಾನೂ ಮಡಿಕೇರಿ ಕಡೆಯವನೇ, ಇದೇ ಆಸೆಯಲ್ಲಿ ದುಡ್ಡು ಕಳೆದುಕೊಂಡವನು.

ಮೊದಲ ಸಲ ಎಡವಟ್ಟಾದದ್ದು ಅಂಗಡಿಯಲ್ಲೇ. ‘ಸಿಲಿಕಾನ್ ಕೊಡಿ’ ಅಂದೆ, ಕೊಟ್ಟದ್ದು ಸಿಲಿಕಾನ್ ಗಮ್ಮು. ಔಷಧಿ ಎಲೆ ಮೇಲೆ ಚೆನ್ನಾಗಿ ಹರಡಲಿ ಅಂತ ಬೆರೆಸುತ್ತೇವಲ್ಲ, ಆ ಸ್ಟಿಕ್ಕರ್. ಗಿಡ ಅದನ್ನು ತಿನ್ನುವುದಿಲ್ಲ. ನೀವು ಕೊಳ್ಳುವುದಾದರೆ ಬಾಟಲಿ ಮೇಲೆ ಪೊಟ್ಯಾಸಿಯಂ ಸಿಲಿಕೇಟ್ ಅಥವಾ ಆರ್ಥೋಸಿಲಿಸಿಕ್ ಆಮ್ಲ ಅಂತ ಬರೆದಿದೆಯಾ ನೋಡಿ. ಸಿಲಿಕೇಟ್ ತುಂಬಾ ಕ್ಷಾರ, ಬೇರೆ ಔಷಧಿ ಜೊತೆ ಸುಮ್ನೆ ಕಲಸಬೇಡಿ.

ಸರಿಯಾದದ್ದೇ ಸಿಕ್ಕರೂ ಅದು ವಿಷವಲ್ಲ, ಗಿಡಕ್ಕೆ ಕೊಡುವ ಮೇವು. ಬೇರಿನಿಂದ ಹೀರಿದ ಸಿಲಿಕಾನ್ ಎಲೆಯ ಹೊರಪದರದಲ್ಲಿ ಗಾಜಿನಂತೆ ಕೂರುತ್ತದೆ. ಭತ್ತದ ಎಲೆ ಕೈ ಕೊಯ್ಯುತ್ತದಲ್ವಾ, ಅದರಲ್ಲಿ ಇದರ ಪಾಲೂ ಇದೆ. ಆದರೆ ಹೇನು ತನ್ನ ಸೂಜಿ ಬಾಯನ್ನು ಕೋಶಗಳ ಸಂದಿಯಲ್ಲಿ ತೂರಿಸಿ ಒಳಗಿನ ರಸ ಕುಡಿಯುವ ಜಾಣ. ಗಟ್ಟಿ ಚರ್ಮ ಒಂದೇ ಅದನ್ನು ತಡೆಯದು. ಸಿಲಿಕಾನ್ ಉಂಡ ಗಿಡ ತನ್ನ ರಕ್ಷಣೆಯ ಕಿಣ್ವಗಳನ್ನೂ ಹೆಚ್ಚು ಹುರುಪಿನಿಂದ ಹೊರಡಿಸುತ್ತದೆ. ಬ್ರೆಜಿಲ್‌ನಲ್ಲಿ ಗೋಧಿಯ ಮೇಲೆ ಮಾಡಿದ ಪ್ರಯೋಗಗಳಲ್ಲಿ ಹೇನು ಕಡಿಮೆ ಮರಿ ಹಾಕಿತು. ಕಡಿಮೆ ಅಷ್ಟೇ, ಪೂರ್ತಿ ನಿಲ್ಲಲಿಲ್ಲ. ಅದಕ್ಕೂ ಹೇನು ಬರುವ ಮೊದಲೇ ಕೊಟ್ಟಿರಬೇಕು.

ಗೋಧಿ, ಭತ್ತ, ಕಬ್ಬು ಹುಲ್ಲಿನ ಜಾತಿಯವು, ಸಿಲಿಕಾನನ್ನು ಬಾಚಿಕೊಳ್ಳುತ್ತವೆ. ಅಲಸಂದೆ ಅಷ್ಟು ಹೀರುವುದಿಲ್ಲ. ನಮ್ಮ ಮಳೆಗೆ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ಸಿಲಿಕಾನ್ ತೊಳೆದು ಹೋಗುವುದೂ ನಿಜ. ಹಾಗಾಗಿ ನಾನು ಗದ್ದೆಗೆ ಮಿಲ್ಲಿನ ಉಮಿ ಬೂದಿ ಹಾಕುತ್ತೇನೆ. ಆ ಬೂದಿಯ ನೂರು ಕೆಜಿಯಲ್ಲಿ ಸಾಮಾನ್ಯವಾಗಿ 80ಕ್ಕೂ ಜಾಸ್ತಿ ಸಿಲಿಕಾ, ಅಂದರೆ ಸಿಲಿಕಾನ್ ಆಮ್ಲಜನಕದ ಜೊತೆ ಸೇರಿದ್ದು. ಕಪ್ಪಗಿರುವುದನ್ನು ಆರಿಸುತ್ತೇನೆ, ವಿಪರೀತ ಉರಿಯಲ್ಲಿ ಸುಟ್ಟರೆ ಸಿಲಿಕಾ ಹರಳುಗಟ್ಟಿ ಗಿಡಕ್ಕೆ ದಕ್ಕುವುದಿಲ್ಲ. ಭತ್ತಕ್ಕೆ ಅದು ಕಾಂಡಕೊರಕದ ವಿರುದ್ಧವೂ ಒಳ್ಳೆಯದು.

ಏಲಕ್ಕಿಯ ಕಥೆಯೇ ಬೇರೆ. ಅಲ್ಲಿ ಹೇನು ಕುಡಿದ ರಸದ ಲೆಕ್ಕ ಯಾರಿಗೆ ಬೇಕು, ಅದು ತರುವ ಕಟ್ಟೆ ಎಂಬ ವೈರಸ್ ರೋಗದ ಚಿಂತೆ. ಆ ವೈರಸ್ ದಾಟಲು ಹೇನು ಸ್ವಲ್ಪ ಹೊತ್ತು ಚುಚ್ಚಿದರೂ ಸಾಕು. ಮರಿ ಕಡಿಮೆಯಾಯಿತು ಅಂತ ನಂಬಿ ಕೂರಬೇಡಿ. ಎಲೆಯಲ್ಲಿ ಹಸಿರು-ಹಳದಿ ಗೆರೆ ಕಂಡ ಬುಡವನ್ನು ಗೆಡ್ಡೆ ಸಮೇತ ಕಿತ್ತು ನಾಶ ಮಾಡಿ. ಹೊಸದಾಗಿ ನೆಡುವುದಾದರೆ ಅಪ್ಪಂಗಳದ ಸಂಶೋಧನಾ ಕೇಂದ್ರದಲ್ಲಿ ‘ವಿಜೇತ’ ತಳಿ ಕೇಳಿ, ಅದು ಕಟ್ಟೆ ತಡೆಯುತ್ತದೆ.

ಅಲಸಂದೆಗೆ ಇವತ್ತೇ ಮಾಡಬಹುದಾದದ್ದು: ಮುತ್ತಿದ ಕುಡಿ ಚಿವುಟಿ ಹಾಕಿ, ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ. ಯೂರಿಯಾ ನಿಲ್ಲಿಸಿ, ಮೆತ್ತನೆ ಚಿಗುರು ಹೇನಿಗೆ ಹಬ್ಬ. ಹೇನು ತಿನ್ನುವ ಗುಲಗಂಜಿ ಹುಳು ಓಡಾಡುತ್ತಿದ್ದರೆ ಔಷಧಿ ಹೊಡೆಯುವ ಮುಂಚೆ ನಾಲ್ಕು ದಿನ ಕಾಯಿರಿ.