ಗೆದ್ದ ಟೀಮಿಗೂ ಜನ ಯಾಕೆ ‘ಇಲ್ಲ’ ಅಂದರು?

ಅಮೆರಿಕದ ಮಿಸ್ಸೂರಿ ರಾಜ್ಯದ ಲೀಸ್ ಸಮ್ಮಿಟ್‌ನಿಂದ ಬರೆದಿರುವ ಓದುಗರಿಗೆ,

ನಿಮ್ಮ ಪತ್ರ ಉದ್ದವಾಗಿತ್ತು, ಸಿಟ್ಟೂ ಜಾಸ್ತಿ ಇತ್ತು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಹಾಗಾಗಿ ಉಳಿದ ಓದುಗರಿಗಾಗಿ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಹಾಸನದ ಕಡೆಯವರಾದ ನೀವು ಕಾನ್ಸಾಸ್ ಸಿಟಿ ಪಕ್ಕ ನೆಲೆಸಿ, ಮಕ್ಕಳ ದೆಸೆಯಿಂದ ಚೀಫ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಟೀಮಿನ ಅಭಿಮಾನಿ ಆಗಿಬಿಟ್ಟಿದ್ದೀರಿ. 2024ರ ಫೆಬ್ರವರಿಯಲ್ಲಿ ಚೀಫ್ಸ್ ಸೂಪರ್ ಬೌಲ್, ಅಂದರೆ ಆ ಲೀಗಿನ ಫೈನಲ್, ಗೆದ್ದಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಏಪ್ರಿಲ್ 2ರಂದು, ಅದೇ ಊರಿನ ಜನ ಅದೇ ಟೀಮಿನ ಸ್ಟೇಡಿಯಂಗೆ ತೆರಿಗೆ ಕೊಡಲ್ಲ ಅಂತ ಮತ ಹಾಕಿದರು. ‘ನೂರು ಡಾಲರ್ ಖರ್ಚಿಗೆ 40 ಸೆಂಟ್ ಕೂಡ ಬೀಳಲ್ಲ, ಅದಕ್ಕೂ ಜುಗ್ಗತನ. ಈಗ ನೋಡಿ, ಟೀಮು ಪಕ್ಕದ ರಾಜ್ಯಕ್ಕೆ ಹೊರಟಿದೆ’ ಅಂತ ಬರೆದಿದ್ದೀರಿ. ಜೊತೆಗೆ ಎರಡು ಪ್ರಶ್ನೆ: ಈ ಜನಕ್ಕೆ ಯಾಕಿಷ್ಟು ಅಪನಂಬಿಕೆ? ಟೀಮು ಹೊರಟ ಮೇಲಾದರೂ ನಾನು ಕಟ್ಟುವ ತೆರಿಗೆ ನಿಲ್ಲುತ್ತಾ?

ಜುಗ್ಗತನ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಿಮ್ಮ ಜಾಕ್ಸನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಜನ ಈ ತೆರಿಗೆಯನ್ನು ಬಹಳ ವರ್ಷಗಳಿಂದ ಕೊಡುತ್ತಲೇ ಬಂದಿದ್ದಾರೆ. 1967ರಲ್ಲಿ ಎರಡು ಸ್ಟೇಡಿಯಂ ಕಟ್ಟಲು ಬಾಂಡು ಮಾರಿ ಸಾಲ ಎತ್ತುವುದಕ್ಕೆ ಒಪ್ಪಿದವರು ಅವರೇ. 2006ರಲ್ಲಿ ಎರಡನ್ನೂ ನವೀಕರಿಸಲು ಡಾಲರಿಗೆ ಸೆಂಟಿನ ಎಂಟರಲ್ಲಿ ಮೂರು ಭಾಗ ಮಾರಾಟ ತೆರಿಗೆ ಕೊಡಲು ಒಪ್ಪಿದವರೂ ಅವರೇ. ಅವತ್ತೇ ಸ್ಟೇಡಿಯಂಗಳಿಗೆ ಸರಿದಾಡುವ ಚಾವಣಿ ಬೇಕಾ ಅಂತಲೂ ಕೇಳಿದ್ದರು, ಅದಕ್ಕೆ ಬೇಡ ಅಂದರು. ಅಂದರೆ ಯಾವುದಕ್ಕೆ ಕೊಡಬೇಕು, ಯಾವುದಕ್ಕೆ ಬೇಡ ಅಂತ ತೂಗಿ ನೋಡುವ ಜನ.

ಹಾಗಾದರೆ 2024ರಲ್ಲಿ ಏನಾಯಿತು? ಆ ತೆರಿಗೆ 2031ಕ್ಕೆ ಮುಗಿಯಬೇಕಿತ್ತು. ಅದನ್ನು ರದ್ದು ಮಾಡಿ, ಅದೇ ದರದಲ್ಲಿ ಹೊಸದಾಗಿ 40 ವರ್ಷ ಕೊಡಿ ಅಂತ ಕೇಳಿದರು. 40 ವರ್ಷ! ಚೀಫ್ಸ್‌ಗೆ ಹಳೇ ಸ್ಟೇಡಿಯಂನ ನವೀಕರಣ. ರಾಯಲ್ಸ್‌ಗೆ (ನಮ್ಮ ರಾಯಲ್ಸ್ ಅಲ್ಲ, ಅಲ್ಲಿನ ಬೇಸ್‌ಬಾಲ್ ಟೀಮು) ಪೇಟೆ ಮಧ್ಯೆ ಕ್ರಾಸ್‌ರೋಡ್ಸ್ ಅನ್ನುವ ಕಡೆ ಹೊಸ ಸ್ಟೇಡಿಯಂ. ಆ ಜಾಗ ಯಾವುದು ಅಂತ ರಾಯಲ್ಸ್‌ನವರು ಹೇಳಿದ್ದು ಫೆಬ್ರವರಿಯಲ್ಲಿ, ಮತದಾನಕ್ಕೆ ಎರಡು ತಿಂಗಳೂ ಇಲ್ಲದಿರುವಾಗ. ಅಲ್ಲಿ ಆಗಲೇ ಅಂಗಡಿ, ಹೋಟೆಲು ನಡೆಸುತ್ತಿದ್ದವರು ತಮ್ಮ ಕಟ್ಟಡ ನಕ್ಷೆಯಲ್ಲಿ ಮಾಯವಾಗಿದ್ದನ್ನು ನೋಡಿ ಹೌಹಾರಿದರು. ಆಮೇಲೆ ಓಕ್ ಸ್ಟ್ರೀಟ್ ಮುಚ್ಚುತ್ತೇವೆ ಅಂದರು, ಮತದಾನ ಹತ್ತಿರ ಬಂದಾಗ ಮುಚ್ಚಲ್ಲ ಅಂದರು. ಟೀಮಿಗೂ ಕೌಂಟಿಗೂ ನಡುವಿನ ಪೂರ್ತಿ ಕರಾರಿಗೆ ಇನ್ನೂ ಸಹಿ ಬಿದ್ದಿರಲಿಲ್ಲ. ದುಡ್ಡು ಮೊದಲು ಕೊಡಿ, ಏನು ಕಟ್ಟುತ್ತೇವೆ, ಯಾರು ಎಷ್ಟು ಹಾಕುತ್ತೇವೆ ಅನ್ನುವುದನ್ನು ಆಮೇಲೆ ಹೇಳುತ್ತೇವೆ ಅಂದ ಹಾಗಾಯಿತು. ಸುಮಾರು 58% ಜನ ಬೇಡ ಅಂದರು. ನಾನಿದ್ದಿದ್ದರೂ ಬೇಡವೇ ಅಂತಿದ್ದೆ.

ಇನ್ನೊಂದು ವಿಷಯ ನಿಮ್ಮ ಪತ್ರದಲ್ಲಿ ಬರಲೇ ಇಲ್ಲ. ಆಗ ಕೌಂಟಿಯ ಮುಖ್ಯಸ್ಥರಾಗಿದ್ದವರು ಫ್ರ್ಯಾಂಕ್ ವೈಟ್. ಇದೇ ರಾಯಲ್ಸ್ ಟೀಮಿನ ಹಳೇ ತಾರೆ. 1985ರಲ್ಲಿ ವರ್ಲ್ಡ್ ಸೀರೀಸ್ (ಬೇಸ್‌ಬಾಲ್ ಲೀಗಿನ ಫೈನಲ್) ಗೆದ್ದ ಟೀಮಿನಲ್ಲಿದ್ದವರು, ಅವರ 20ನೇ ನಂಬರಿನ ಅಂಗಿಯನ್ನು ಟೀಮು ಬೇರೆ ಯಾರಿಗೂ ಕೊಡುವುದಿಲ್ಲ, ಸ್ಟೇಡಿಯಂನಲ್ಲಿ ಅವರ ಪ್ರತಿಮೆ ಇದೆ. ಹುಡುಗನಾಗಿದ್ದಾಗ ಆ ಸ್ಟೇಡಿಯಂ ಕಟ್ಟುವ ಕೆಲಸದಲ್ಲಿ ಕೂಲಿ ಕೂಡ ಮಾಡಿದವರು. ಅಂಥವರೇ ಈ ಪ್ರಸ್ತಾಪ ಕೌಂಟಿಗೆ ನಷ್ಟ ಅಂತ ಜನವರಿಯಲ್ಲಿ ತಡೆ ಒಡ್ಡಿದರು. ಕೌಂಟಿ ಸಭೆಯ ಸದಸ್ಯರು ಆ ತಡೆಯನ್ನು ತಳ್ಳಿಹಾಕಿ ಮತದಾನಕ್ಕೆ ಇಟ್ಟರು. ಟೀಮಿನ ಮನೆಮಗನೇ ಬೇಡ ಅನ್ನುವಾಗ ಬೇಡ ಅಂದವರನ್ನೆಲ್ಲ ಟೀಮಿನ ವಿರೋಧಿಗಳು ಅನ್ನಲಾಗುತ್ತಾ?

ಹಾಗಂತ ವೈಟ್ ಅವರನ್ನೂ ಜನ ತಲೆ ಮೇಲೆ ಹೊತ್ತು ಮೆರೆಸಲಿಲ್ಲ. 2023ರಲ್ಲಿ ಕೌಂಟಿ ಮನೆಗಳ ಬೆಲೆಯನ್ನು ಹೊಸದಾಗಿ ಕಟ್ಟಿದಾಗ ಎಷ್ಟೋ ಜನರ ಆಸ್ತಿ ತೆರಿಗೆ ಒಂದೇ ಏಟಿಗೆ ಏರಿತು. ಆ ಬಿಸಿ ಆರುವ ಮೊದಲೇ ಸ್ಟೇಡಿಯಂ ಮತಪತ್ರ ಬಂತು. ಅದೇ ಆಸ್ತಿ ತೆರಿಗೆ ಸಿಟ್ಟಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಜನ ಮತ ಹಾಕಿ ವೈಟ್ ಅವರನ್ನೇ ಕುರ್ಚಿಯಿಂದ ಇಳಿಸಿದರು.

ನಿಮ್ಮದೇ ರಾಜ್ಯದ ಇನ್ನೊಂದು ತುದಿಯ ಸೇಂಟ್ ಲೂಯಿಸ್ ಕಥೆಯೂ ಇದೆ. ಟೀಮು ಬರಲಿ ಅಂತ ಸಾರ್ವಜನಿಕರ ದುಡ್ಡಲ್ಲಿ ಒಳಾಂಗಣ ಸ್ಟೇಡಿಯಂ ಕಟ್ಟಿದರು, 1995ರಲ್ಲಿ ರ‍್ಯಾಮ್ಸ್ ಟೀಮು ಬಂತು. ಸ್ಟೇಡಿಯಂ ಸದಾ ದೇಶದ ಮೇಲ್ದರ್ಜೆಯ ಸ್ಟೇಡಿಯಂಗಳ ಸಾಲಲ್ಲೇ ಇರಬೇಕು, ಇಲ್ಲದಿದ್ದರೆ ಟೀಮು ಬಿಟ್ಟು ಹೋಗಬಹುದು ಅಂತ ಕರಾರಿನಲ್ಲಿ ಬರೆದಿತ್ತು. 2016ರಲ್ಲಿ ಟೀಮು ಲಾಸ್ ಏಂಜಲೀಸ್‌ಗೆ ಹೋಯಿತು. ಸಾಲದ ಕಂತು ಮಾತ್ರ ಆ ಊರಲ್ಲೇ ಉಳಿಯಿತು.

ಕರಾರಿನ ವಿಷಯ ಬಂದಾಗ ಸಿನ್ಸಿನಾಟಿಯನ್ನು ಬಿಡಲಾಗದು. ಓಹಿಯೋದ ಆ ಊರು ಇರುವ ಹ್ಯಾಮಿಲ್ಟನ್ ಕೌಂಟಿಯಲ್ಲಿ 1996ರಲ್ಲಿ ಡಾಲರಿಗೆ ಅರ್ಧ ಸೆಂಟ್ ಮಾರಾಟ ತೆರಿಗೆಗೆ ಜನ ಖುಷಿಯಾಗಿಯೇ ಒಪ್ಪಿದರು. ಎರಡು ಟೀಮಿಗೆ ಎರಡು ಸ್ಟೇಡಿಯಂ. ಜನರಿಗೆ ತೋರಿಸಿದ ಬೆಲ್ಲ ಏನು ಗೊತ್ತಾ? ಈ ತೆರಿಗೆಯಲ್ಲಿ ಒಂದು ಪಾಲು ತೆಗೆದು ಮನೆ ಮಾಲೀಕರ ಆಸ್ತಿ ತೆರಿಗೆ ಇಳಿಸುತ್ತೇವೆ ಅಂತ. ಆಮೇಲೆ ಫುಟ್‌ಬಾಲ್ ಟೀಮು ಬೆಂಗಾಲ್ಸ್ ಜೊತೆ ಮಾಡಿಕೊಂಡ ಕರಾರು ನೋಡಿದರೆ, ಬಾಡಿಗೆದಾರನ ಮನೆಗೆ ಸುಣ್ಣ ಬಣ್ಣ ಮಾಡಿಸಿ, ಗೀಸರ್ ಕೆಟ್ಟರೆ ಹೊಸದು ಹಾಕಿಸಿ, ಕರೆಂಟ್ ಬಿಲ್ಲನ್ನೂ ಓನರೇ ಕಟ್ಟುವ ಥರ ಇತ್ತು. ಮುಂದೆ ಬೇರೆ ಸ್ಟೇಡಿಯಂಗಳಿಗೆ ಹೊಸ ಯಂತ್ರ ಬಂದರೆ ಇಲ್ಲಿಗೂ ಕೌಂಟಿಯೇ ಕೊಡಿಸಬೇಕು. ಆ ಪಟ್ಟಿಯಲ್ಲಿ ಹೊಲೊಗ್ರಾಫಿಕ್ ರೀಪ್ಲೇ ಯಂತ್ರದ ಹೆಸರೂ ಇತ್ತು! ಅಂಥದ್ದು ಆಗ ಎಲ್ಲೂ ಇರಲಿಲ್ಲ, ಇವತ್ತಿಗೂ ಯಾವ ಸ್ಟೇಡಿಯಂನಲ್ಲೂ ಕಾಣಿಸುವುದಿಲ್ಲ. ಆದರೂ ಯಾರೋ ವಕೀಲರು ಕೂತು ಅದನ್ನು ಬರೆದರು, ಯಾರೋ ಅಧಿಕಾರಿ ಸಹಿ ಹಾಕಿದರು.

2008ರ ಹಿಂಜರಿತಕ್ಕೆ ವ್ಯಾಪಾರ ಬಿತ್ತು, ಮಾರಾಟ ತೆರಿಗೆ ಸಾಲದೇ ಹೋಯಿತು. ಸಾಲ, ನಿರ್ವಹಣೆ ಎರಡೂ ನಿಲ್ಲಲಿಲ್ಲ. ಕೌಂಟಿ ಬೇರೆ ಕೆಲಸಗಳಿಗೆ ಕತ್ತರಿ ಹಾಕಿತು, ತನ್ನದೇ ಒಂದು ಸಾರ್ವಜನಿಕ ಆಸ್ಪತ್ರೆಯನ್ನು ಮಾರಿತು, ಕೊನೆಗೆ ಮನೆ ಮಾಲೀಕರಿಗೆ ಕೊಟ್ಟ ಆಸ್ತಿ ತೆರಿಗೆ ರಿಯಾಯಿತಿಗೇ ಕೈ ಹಾಕಿತು. ಯಾವ ಬೆಲ್ಲ ತೋರಿಸಿ ಮತ ಕೇಳಿದ್ದರೋ ಅದನ್ನೇ ಕಿತ್ತುಕೊಂಡರು. ಇದನ್ನು ಕಂಡ ಬೇರೆ ಊರಿನವರಿಗೆ ಇನ್ಯಾವ ನಂಬಿಕೆ ಉಳಿಯುತ್ತೆ ಹೇಳಿ.

ಮತ ಹಾಕಿದರೆ ಆಗುವುದೇನು ಅನ್ನುವ ಬೇಸರವೂ ಸೇರಿಕೊಂಡಿದೆ. ಸಿಯಾಟಲ್ ಇರುವ ಕಿಂಗ್ ಕೌಂಟಿಯ ಜನ 1995ರ ಸೆಪ್ಟೆಂಬರ್‌ನಲ್ಲಿ ಬೇಸ್‌ಬಾಲ್ ಸ್ಟೇಡಿಯಂ ತೆರಿಗೆಯನ್ನು ಕೂದಲೆಳೆಯಲ್ಲಿ ಸೋಲಿಸಿದರು. ಮುಂದಿನ ತಿಂಗಳೇ ರಾಜ್ಯದ ಶಾಸನಸಭೆ ವಿಶೇಷ ಅಧಿವೇಶನ ಸೇರಿ, ಹೋಟೆಲ್ ಊಟ, ಬಾಡಿಗೆ ಕಾರಿನ ಮೇಲೆಲ್ಲ ತೆರಿಗೆ ಹಾಕಿ ಅದೇ ಸ್ಟೇಡಿಯಂಗೆ ದಾರಿ ಮಾಡಿತು. 1999ರಲ್ಲಿ ಸ್ಟೇಡಿಯಂ ತೆರೆಯಿತು. ಅಲ್ಲಿನ ಹಳೇ ಕಿಂಗ್‌ಡೋಮ್ ಸ್ಟೇಡಿಯಂ ಅನ್ನು 2000ದಲ್ಲಿ ಸಿಡಿಮದ್ದಿಟ್ಟು ಕೆಡವಿದ್ದರೂ ಅದರ ಸಾಲ ತೀರಿದ್ದು 2015ರಲ್ಲಿ. ನಿಮ್ಮ ಕಡೆಯೂ ಈಗ ಹಾಗೇ ಆಯಿತು. ಜಾಕ್ಸನ್ ಕೌಂಟಿ ಬೇಡ ಅಂದ ಮೇಲೆ 2024ರ ಜೂನ್‌ನಲ್ಲಿ ಪಕ್ಕದ ಕಾನ್ಸಾಸ್ ರಾಜ್ಯದ (ಹೆಸರು ಒಂದೇ ಆದರೂ ನಿಮ್ಮ ಕಾನ್ಸಾಸ್ ಸಿಟಿ ಇರುವುದು ಮಿಸ್ಸೂರಿಯಲ್ಲಿ) ಶಾಸನಸಭೆ ಸ್ಟೇಡಿಯಂ ಖರ್ಚಿನ 70%ವರೆಗೆ ಬಾಂಡು ಎತ್ತಲು ಕಾನೂನು ಮಾಡಿತು. 2025ರ ಡಿಸೆಂಬರ್‌ನಲ್ಲಿ ಚೀಫ್ಸ್ ಗಡಿ ದಾಟುತ್ತೇವೆ ಅಂದಿತು. ಸುಮಾರು 300 ಕೋಟಿ ಡಾಲರಿನ ಸ್ಟೇಡಿಯಂ, ಅದರಲ್ಲಿ 60% ಸಾರ್ವಜನಿಕ ಪಾಲು. ಜನರ ಮತ ಕೇಳಲೇ ಇಲ್ಲ. ಹೊಸ ತೆರಿಗೆ ಇಲ್ಲ, ಮುಖ್ಯವಾಗಿ ಸ್ಟೇಡಿಯಂ ಸುತ್ತ ಮುಂದೆ ಹೆಚ್ಚುವ ಮಾರಾಟ ತೆರಿಗೆಯಿಂದ ಸಾಲ ತೀರುತ್ತೆ ಅನ್ನುತ್ತಾರೆ. ಆ ‘ಸುತ್ತ’ ಅನ್ನುವ ಗೆರೆ ಎಷ್ಟು ದೊಡ್ಡದೋ, ಬೇರೆ ಕೆಲಸಕ್ಕೆ ಹೋಗಬೇಕಾದ ದುಡ್ಡು ಅಷ್ಟು ಜಾಸ್ತಿ ಅದರೊಳಗೆ ಬೀಳುತ್ತೆ.

ಟೀಮು ಬಂದರೆ ಊರಿಗೆ ವ್ಯಾಪಾರ ಅಂತ ನೀವು ಬರೆದಿದ್ದೀರಿ. ಅರ್ಥಶಾಸ್ತ್ರಜ್ಞರು ಬಹಳ ಕಡೆ ಭಿನ್ನ ರಾಗ ಹಾಡುತ್ತಾರೆ, ಆದರೆ ಈ ವಿಷಯದಲ್ಲಿ ಹೆಚ್ಚುಕಡಿಮೆ ಒಂದೇ ಮಾತು: ಸ್ಟೇಡಿಯಂಗೆ ಹಾಕಿದ ಸರ್ಕಾರಿ ದುಡ್ಡು ಊರಿಗೆ ಹಾಗೆ ವಾಪಸ್ ಬರುವುದಿಲ್ಲ. ನೀವು ಮಕ್ಕಳನ್ನು ಮ್ಯಾಚಿಗೆ ಕರೆದುಕೊಂಡು ಹೋಗಿ ಖರ್ಚು ಮಾಡಿದ ದುಡ್ಡನ್ನು, ಮ್ಯಾಚ್ ಇಲ್ಲದಿದ್ದರೆ ಅದೇ ಊರಿನ ಸಿನಿಮಾಕ್ಕೋ ಹೋಟೆಲಿಗೋ ಹಾಕುತ್ತಿದ್ದಿರಿ ಅಲ್ವಾ? ಫುಟ್‌ಬಾಲ್ ಟೀಮು ವರ್ಷಕ್ಕೆ ತನ್ನ ಊರಲ್ಲಿ ಆಡುವುದೇ ಎಂಟೊಂಬತ್ತು ಲೀಗ್ ಮ್ಯಾಚು. ಮಕ್ಕಳ ಜೊತೆ ಕೂತು ಕೂಗಾಡುವ ಖುಷಿ ನಿಜ, ಅದಕ್ಕೆ ಬೆಲೆ ಇದೆ. ಆ ಖುಷಿಗಾಗಿ ಕೊಡಿ ಅಂತ ನೇರವಾಗಿ ಕೇಳಿದರೆ ನನ್ನ ತಕರಾರೇನಿಲ್ಲ.

ಹಾಗೆ ಕೇಳಿದರೆ ಜನ ಕೊಡುತ್ತಾರೆ ಕೂಡ. ನಿಮ್ಮಲ್ಲಿ ಬೇಡ ಅನ್ನುವ ನಾಲ್ಕು ತಿಂಗಳ ಮುಂಚೆ, 2023ರ ಡಿಸೆಂಬರ್‌ನಲ್ಲಿ, ಒಕ್ಲಹೋಮ ಸಿಟಿಯಲ್ಲಿ ಹೊಸ ಬ್ಯಾಸ್ಕೆಟ್‌ಬಾಲ್ ಸ್ಟೇಡಿಯಂಗೆ ಒಂದು ಸೆಂಟ್ ತೆರಿಗೆ ಕೇಳಿದರು. 71% ಜನ ಹೂಂ ಅಂದರು. ವ್ಯವಹಾರವೇನೂ ಜನರಿಗೆ ಲಾಭದ್ದಲ್ಲ. 90 ಕೋಟಿ ಡಾಲರಿನ ಕಟ್ಟಡಕ್ಕೆ ಮಾಲೀಕರ ಪಾಲು ಬರೀ 5 ಕೋಟಿ. ಆದರೂ ಒಪ್ಪಿದ್ದು ಯಾಕೆ? ಆ ಊರಿಗೆ 1993ರಿಂದ ಒಂದು ರೂಢಿ ಇದೆ. ತೆರಿಗೆಗೆ ಕೊನೆಯ ದಿನಾಂಕ ಮೊದಲೇ ಹೇಳುತ್ತಾರೆ, ಸಾಲ ಎತ್ತದೆ ಬಂದ ದುಡ್ಡಲ್ಲೇ ಕಟ್ಟುತ್ತಾರೆ. ಲೈಬ್ರರಿ, ಕಾಲುವೆ, ಬೇಸ್‌ಬಾಲ್ ಮೈದಾನ, ಹೇಳಿದ್ದೆಲ್ಲ ಕಣ್ಣೆದುರು ಎದ್ದು ನಿಂತವು. ಮೊದಲ ಸಲ ದುಡ್ಡು ಸಾಲದಿದ್ದಾಗ, ಇನ್ನಾರು ತಿಂಗಳು ಬೇಕು ಅಂತ ಮತ್ತೆ ಜನರ ಹತ್ತಿರವೇ ಹೋಗಿ ಮತ ಕೇಳಿದರು.

ಇಲ್ಲಿ ಬೆಂಗಳೂರಿನಲ್ಲಿ ಕೂತ ನಮಗೆ ಇದೆಲ್ಲ ಸ್ವಲ್ಪ ಹೊಟ್ಟೆಕಿಚ್ಚೇ. ಆಸ್ತಿ ತೆರಿಗೆ ರಸೀದಿಯಲ್ಲಿ ಲೈಬ್ರರಿಗೆ, ಭಿಕ್ಷುಕರ ಪುನರ್ವಸತಿಗೆ ಅಂತೆಲ್ಲ ಸೆಸ್ ಸೇರಿಸಿ ಕಟ್ಟುತ್ತೇವೆ. ಬೇಕಾ ಅಂತ ಯಾರೂ ಕೇಳಿದ್ದಿಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಿಲ್ಲುವುದಿಲ್ಲ. 2006ರಲ್ಲಿ ಒಪ್ಪಿದ ತೆರಿಗೆ 2031ರವರೆಗೆ ಇದೆ, ಮಿಸ್ಸೂರಿಯಲ್ಲಿ ದಿನಸಿಯ ಮೇಲೂ ಸ್ಥಳೀಯ ತೆರಿಗೆ ಬೀಳುವುದರಿಂದ ಜಾಕ್ಸನ್ ಕೌಂಟಿಯೊಳಗೆ ಕೊಂಡ ಅಕ್ಕಿ, ಬೇಳೆಯ ಬಿಲ್ಲಿನಲ್ಲೂ ಸ್ಟೇಡಿಯಂ ಪಾಲು ಇದ್ದೇ ಇರುತ್ತೆ. ಚೀಫ್ಸ್‌ನ ಹೊಸ ಸ್ಟೇಡಿಯಂ ತೆರೆಯಬೇಕಾಗಿರುವುದೂ 2031ಕ್ಕೇ. ನೀವಿನ್ನೂ ಗ್ರೀನ್ ಕಾರ್ಡಿನಲ್ಲಿದ್ದೀರಿ, ತೆರಿಗೆ ಉಂಟು, ಮತ ಇಲ್ಲ ಅಂತ ನೀವೇ ಬರೆದಿದ್ದೀರಿ. ಅಷ್ಟರೊಳಗೆ ಪೌರತ್ವ ಸಿಕ್ಕಿ, ಯಾವುದಾದರೂ ಟೀಮು ಮತ್ತೆ ಮತಪತ್ರ ಹಿಡಿದು ಬಂದರೆ, ಸಹಿ ಬಿದ್ದ ಕರಾರು ತೋರಿಸಿ ಅಂತ ಮೊದಲು ಕೇಳಿ. ಆಮೇಲೆ ಹೂಂ ಅನ್ನಿ, ಬೇಡ ಅನ್ನಿ, ನಿಮ್ಮಿಷ್ಟ.

— ಸಂಪಾದಕ